ಲುಂಪಿಯಾ ಮಾಡಿ, ಪಾತ್ರೆನೂ ನೀವೇ ತೊಳೀರಿ

ಸೆಮ್ ಎಕ್ಸಾಮ್ ಮುಗಿಸಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಅಂತ ಊರ ಕಡೆ ಬಸ್ ಹತ್ತೋರಿಗೆಲ್ಲ ನನ್ನದೊಂದು ಮನವಿ. ಈ ರಜೆಯಲ್ಲಿ ಒಂದು ದಿನ ಅಡುಗೆಮನೆಯನ್ನ ನಿಮ್ಮ ಕೈಗೆ ತಗೊಳ್ಳಿ. ಫಿಲಿಪ್ಪೀನ್ಸ್ ದೇಶದ ತರಕಾರಿ ಲುಂಪಿಯಾ ಮಾಡಿ. ಕಡ್ಡಿಯಷ್ಟು ತೆಳ್ಳಗೆ ಅಲ್ಲದಿದ್ದರೂ ಹೆಬ್ಬೆರಳಿನಷ್ಟು ದಪ್ಪ ಇರಲಿ, ಕಚ್ಚಿದ್ರೆ ಪಕ್ಕದ ಮನೆಯವರಿಗೆ ಸದ್ದು ಕೇಳಬೇಕು, ಅಷ್ಟು ಗರಿಗರಿ ಆಗಿರಬೇಕು. ಈ ಮನವಿ ಎಲ್ಲರಿಗೂ. ಆದರೆ ವಿಶೇಷವಾಗಿ ಹುಡುಗರಿಗೆ.

"ಅಲ್ಲಮ್ಮ, ನಮ್ಮ ಮಂಡಕ್ಕಿ ಮಿರ್ಚಿ ಇಲ್ವಾ? ಎಲ್ಲೋ ಇರೋ ದೇಶದ ತಿಂಡಿ ನಮಗ್ಯಾಕೆ? ಅದೂ ಕನ್ನಡ ಸಂಘದ ಪತ್ರಿಕೆಯಲ್ಲಿ?" ಅಂತ ಕೇಳೋರು ಇದ್ದೇ ಇರ್ತೀರಿ. ಕೇಳಿ, ತಪ್ಪಿಲ್ಲ. ಎಲ್ಲೋ ಇರೋ ದೇಶದ್ದು ಅನ್ನೋದೇ ಇದರ ಅನುಕೂಲ ಅಂತ ನಾನು ಹೇಳೋಕೆ ಹೊರಟಿರೋದು.

ಮೊದಲು ಒಂದು ಲೆಕ್ಕ

ನಾವು ಎಂಜಿನಿಯರಿಂಗ್ ಓದೋರು, ನಂಬರ್ ಕೊಡದೆ ಮಾತಾಡಿದ್ರೆ ಯಾರೂ ಒಪ್ಪಲ್ಲ. ಕೇಂದ್ರ ಸರ್ಕಾರದ ಅಂಕಿಸಂಖ್ಯೆ ಇಲಾಖೆ ಜನರು ದಿನದ 24 ಗಂಟೆಯನ್ನ ಹೇಗೆ ಕಳೀತಾರೆ ಅಂತ ಒಂದು ಸಮೀಕ್ಷೆ ಮಾಡುತ್ತೆ. 2019ರಲ್ಲಿ ಒಂದು ಆಯ್ತು, 2024ರಲ್ಲಿ ಇನ್ನೊಂದು ಆಯ್ತು. 2024ರ ಪ್ರಕಾರ, ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡ್ತಾರೆ. ಆ ಕೆಲಸಕ್ಕೆ ಕೈ ಹಾಕೋ ಗಂಡಸರು ಕೊಡೋದು 88 ನಿಮಿಷ. ಗಮನಿಸಿ, ಇದು ಕೈ ಹಾಕೋ ಗಂಡಸರ ಲೆಕ್ಕ ಮಾತ್ರ. ಕೈಯೇ ಹಾಕದವರು ಇದರಲ್ಲಿ ಇಲ್ಲ. 2019ರ ಸಮೀಕ್ಷೆಯಲ್ಲಿ ಮನೆಗೆಲಸದಲ್ಲಿ ಒಂದಿಷ್ಟಾದ್ರೂ ಪಾಲು ತಗೊಂಡ ಗಂಡಸರು ನೂರಕ್ಕೆ 26, ಹೆಂಗಸರು ನೂರಕ್ಕೆ 81.

289ರಲ್ಲಿ 88 ಕಳೆದ್ರೆ 201. ನಮ್ಮ ಸೆಮ್ ಎಕ್ಸಾಮ್ 3 ಗಂಟೆ, ಅಂದ್ರೆ 180 ನಿಮಿಷ. ಮನೆಯ ಹೆಂಗಸು ದಿನಾ ಒಂದು ಸೆಮ್ ಎಕ್ಸಾಮಿಗಿಂತ ಜಾಸ್ತಿ ಹೊತ್ತು ಹೆಚ್ಚುವರಿ ಕೆಲಸ ಮಾಡ್ತಾಳೆ. ವರ್ಷದಲ್ಲಿ ಎರಡು ಸಲ ಎಕ್ಸಾಮ್ ಬರೆಯೋಕೇ ನಾವು ಎಷ್ಟು ಗೋಳಾಡ್ತೀವಿ ಅಂತ ಹಾಸ್ಟೆಲ್ ಗೋಡೆಗಳಿಗೆ ಗೊತ್ತು.

ಇನ್ನೂ ಒಂದು ಮಾತಿದೆ. 2019ರಲ್ಲಿ ಹೆಂಗಸರದು 299 ನಿಮಿಷ ಇತ್ತು, 2024ಕ್ಕೆ 289 ಆಯ್ತು. ಮಿಕ್ಸಿ, ಗ್ಯಾಸ್, ನಲ್ಲಿ ನೀರು ಬಂದಿದ್ದಕ್ಕೆ ಇಳೀತು ಅಂತಿಟ್ಕೊಳ್ಳಿ. ಗಂಡಸರದೂ ಇಳೀತು, 97ರಿಂದ 88ಕ್ಕೆ! ಅಂದ್ರೆ ಅಮ್ಮನ ಕೆಲಸ 10 ನಿಮಿಷ ಕಮ್ಮಿ ಆಗಿದ್ದು ಅಪ್ಪ, ಅಣ್ಣ ಕೈ ಜೋಡಿಸಿದ್ದಕ್ಕಂತೂ ಅಲ್ಲ.

ಇದನ್ನ ನಮ್ಮ ಕ್ಯಾಂಪಸ್ಸಿಗೆ ತಂದು ನೋಡಿ. ಒಂದೇ ಕ್ಲಾಸು, ಒಂದೇ ಸಿಲಬಸ್, ಒಂದೇ ಬ್ಯಾಕ್‌ಲಾಗ್. ರಜೆಗೆ ಊರಿಗೆ ಹೋದ ಹುಡುಗ ಹತ್ತು ಗಂಟೆವರೆಗೆ ಮಲಗ್ತಾನೆ. "ಪಾಪ, ಹಾಸ್ಟೆಲಲ್ಲಿ ನಿದ್ದೆ ಇಲ್ಲ ಮಗೂಗೆ." ಅದೇ ಬಸ್ಸಲ್ಲಿ ಹೋದ ಹುಡುಗಿ ಮಾರನೇ ದಿನ ಬೆಳಗ್ಗೆ ಈರುಳ್ಳಿ ಹೆಚ್ತಾ ಕೂತಿರ್ತಾಳೆ. "ಬಂದಿದೀಯಲ್ಲ, ಸ್ವಲ್ಪ ಕೈಗೂಡಿಸು." ಇಬ್ಬರ ಮನೆಯವರೂ ಕೆಟ್ಟವರಲ್ಲ. ಯಾರೂ ಕೂತು ಯೋಚನೆ ಮಾಡಿ ಹಿಂಗೆ ಮಾಡಿದ್ದೂ ಅಲ್ಲ. ಹಿಂದಿಂದ ಹಂಗೇ ನಡೀತಾ ಬಂದೈತೆ, ಅಷ್ಟೇ.

ಹಾಗಾದ್ರೆ ಲುಂಪಿಯಾನೇ ಯಾಕೆ?

ಹುಡುಗರನ್ನ ಕೇಳಿದ್ರೆ ಸುಮಾರು ಜನ ಹೇಳೋದು ಒಂದೇ. "ಅಡುಗೆಮನೆಗೆ ಹೋದ್ರೆ ಅಮ್ಮನೇ ಓಡಿಸ್ತಾಳೆ, ನಾನೇನು ಮಾಡ್ಲಿ?" ಇದರಲ್ಲಿ ಸ್ವಲ್ಪ ನಿಜ ಇದೆ. ನೀವು ಮುದ್ದೆ ತಿರುವೋಕೆ ನಿಂತ್ರೆ ಮನೆಯಲ್ಲಿ ಮೂವತ್ತು ವರ್ಷದಿಂದ ಮುದ್ದೆ ತಿರುವ್ತಿರೋ ಎಕ್ಸ್‌ಪರ್ಟ್ ಪಕ್ಕದಲ್ಲೇ ಇರ್ತಾರೆ. ಗಂಟು ಬಿತ್ತು ಅಂತ ಎರಡನೇ ನಿಮಿಷಕ್ಕೆ ಕೋಲು ಕಿತ್ಕೊಳ್ತಾರೆ. ಹೋಳಿಗೆಗೂ ಅದೇ ಕಥೆ, ಸಾರಿಗೂ ಅದೇ ಕಥೆ. ಹಳೇ ಅಡುಗೆಯಲ್ಲಿ ಯಾರು ಗುರು, ಯಾರು ದಡ್ಡ ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ.

ಲುಂಪಿಯಾ ಹಂಗಲ್ಲ. ಅದು ಅಮ್ಮನಿಗೂ ಗೊತ್ತಿಲ್ಲ, ಅಜ್ಜಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದನ್ನ ಹೆಣ್ಣು ಮಾಡಬೇಕು, ಗಂಡು ಮಾಡಬಾರದು ಅಂತ ನಮ್ಮ ಮನೆಗಳಲ್ಲಿ ಯಾರೂ ಇನ್ನೂ ರೂಲ್ ಬರೆದಿಲ್ಲ. ಹೊಸ ಲ್ಯಾಬ್‌ಗೆ ಎಲ್ಲರೂ ಒಂದೇ ದಿನ ಹೋದಂಗೆ. ಕೋಲು ಕಿತ್ಕೊಳ್ಳೋರು ಇಲ್ಲ. ಕಲಿಯೋಕೆ ಇದಕ್ಕಿಂತ ಒಳ್ಳೆ ಬಾಗಿಲು ಬೇರೆ ಯಾವುದಿದೆ?

ನಮ್ಮ ಮನೆಗೆ ಈ ತಿಂಡಿ ಬಂದಿದ್ದು ದಾವಾವೊದಿಂದ. ಡಾಕ್ಟರ್ ಓದೋಕೆ ಕರ್ನಾಟಕದಿಂದ ಫಿಲಿಪ್ಪೀನ್ಸ್‌ಗೆ ಹೋದವರು ಬೇಕಾದಷ್ಟು ಜನ ಇದಾರೆ, ಅದರಲ್ಲೂ ದಾವಾವೊ ನಗರಕ್ಕೆ. ನಮ್ಮ ದೊಡ್ಡಪ್ಪನ ಮಗಳು ಅವರಲ್ಲಿ ಒಬ್ಬಳು. ಅಲ್ಲಿ ಮಾಂಸ, ಮೀನು ಇಲ್ಲದ ಊಟ ಹುಡುಕೋದು ಕಷ್ಟ. ಹಾಗಾಗಿ ಅವಳು ಮೊದಲು ಕಲಿತ ಹೆಸರು ಲುಂಪಿಯಾಂಗ್ ಗುಲಾಯ್. ಗುಲಾಯ್ ಅಂದ್ರೆ ಅವರ ಟಗಾಲೊಗ್ ಭಾಷೆಯಲ್ಲಿ ತರಕಾರಿ. ಅದರೊಳಗೂ ಕೆಲವು ಸಲ ಸಿಗಡಿಯೋ ಹಂದಿ ಮಾಂಸವೋ ಸೇರಿಸಿರ್ತಾರೆ, ಕೇಳಿ ತಿನ್ನಬೇಕು ಅಂತಿದ್ದಳು. ಅದಕ್ಕೇ ರೂಮಲ್ಲಿ ತಾನೇ ಮಾಡ್ಕೊಳ್ಳೋಕೆ ಶುರು ಮಾಡಿದಳು. ರಜೆಗೆ ಬಂದಾಗ ನಮಗೆ ತೋರಿಸಿಕೊಟ್ಟಳು.

ಅಲ್ಲಿ ಹಬ್ಬ, ಹುಟ್ಟುಹಬ್ಬ ಅಂದ್ರೆ ಲುಂಪಿಯಾ ಇರಲೇಬೇಕು. ಮನೆಯವರೆಲ್ಲ ಒಂದು ಟೇಬಲ್ ಸುತ್ತ ಕೂತು, ಹರಟೆ ಹೊಡೀತಾ, ನೂರಾರು ಸುರುಳಿ ಸುತ್ತುತಾರೆ. ನಮ್ಮಲ್ಲಿ ಹಪ್ಪಳ, ಸಂಡಿಗೆ, ಶಾವಿಗೆಗೆ ಓಣಿಯವರೆಲ್ಲ ಸೇರ್ತಿದ್ರಲ್ಲ, ಹಂಗೇ. ಇಂಥ ಕೆಲಸ ಒಬ್ಬರ ಮೇಲೆ ಬಿದ್ರೆ ಶಿಕ್ಷೆ, ನಾಲ್ಕು ಜನ ಹಂಚಿಕೊಂಡ್ರೆ ಒಂದು ಸಂಜೆ ಕಳೆದಿದ್ದೇ ಗೊತ್ತಾಗಲ್ಲ.

"ನಮ್ಮದಲ್ಲ" ಅನ್ನೋರಿಗೆ

ಲುಂಪಿಯಾ ಫಿಲಿಪ್ಪೀನ್ಸ್‌ನವರದೂ ಅಲ್ಲ ಗೊತ್ತಾ? ಚೀನಾದ ಫುಜಿಯಾನ್ ಕಡೆಯಿಂದ ವ್ಯಾಪಾರಕ್ಕೆ ಬಂದು ನೆಲೆಸಿದ ಹೊಕ್ಕಿಯನ್ ಜನ ತಂದಿದ್ದು. ಅವರ ಮಾತಲ್ಲಿ ಅದರ ಹೆಸರು ಲುನ್‌ಪಿಯಾ. ಹೆಚ್ಚೂಕಮ್ಮಿ "ಹಸಿ ರೊಟ್ಟಿ" ಅಂತ ಅರ್ಥ, ಯಾಕಂದ್ರೆ ಮೂಲದಲ್ಲಿ ಅದನ್ನ ಕರೀತಿರಲಿಲ್ಲ. ಈಗಲೂ ಅಲ್ಲಿ ಕರಿಯದ ಲುಂಪಿಯಾ ಇದೆ, ಅದರಲ್ಲೊಂದು ಬಗೆಗೆ ತೆಂಗಿನ ಸುಳಿ ಹಾಕ್ತಾರೆ. ಹೊಸದುರ್ಗದ ಕಡೆಯವರಿಗೆ ತೆಂಗಿನ ಸುಳಿಯ ರುಚಿ ನಾನು ಹೇಳಬೇಕಾಗಿಲ್ಲ. ಬಾಳೆಹಣ್ಣು, ಹಲಸಿನ ತೊಳೆ, ಬೆಲ್ಲದಂಥ ಸಕ್ಕರೆ ಇಟ್ಟು ಸುತ್ತಿ ಕರಿದ್ರೆ ಅದು ತುರೋನ್. ಹೆಸರು ಬೇರೆ, ಸಾಮಾನೆಲ್ಲ ನಮ್ಮ ತೋಟದ್ದೇ.

ನಮ್ಮ ಮಿರ್ಚಿಯನ್ನೇ ತಗೊಳ್ಳಿ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಲ್ಲಿ ನಮ್ಮ ಕಡೆ ಬಂತು. ಚಳ್ಳಕೆರೆಗೆ ಎಣ್ಣೆ ನಗರ ಅನ್ನೋ ಹೆಸರು ತಂದುಕೊಟ್ಟ ಶೇಂಗಾ ಕೂಡ ದಕ್ಷಿಣ ಅಮೆರಿಕದ ಗಿಡ. ಫಿಲಿಪ್ಪೀನ್ಸ್‌ಗೂ ಅಮೆರಿಕದ ಎಷ್ಟೋ ಬೆಳೆಗಳು ಹಡಗಲ್ಲೇ ಬಂದವು. 1565ರಿಂದ 1815ರವರೆಗೆ ಮೆಕ್ಸಿಕೋದ ಅಕಾಪುಲ್ಕೋಗೂ ಮನಿಲಾಗೂ ಸ್ಪೇನಿನ ಹಡಗುಗಳು ಓಡಾಡ್ತಿದ್ದವು. ಮೆಣಸಿನಕಾಯಿಯನ್ನ ನಮ್ಮದು ಮಾಡ್ಕೊಂಡ ಜನ ಲುಂಪಿಯಾಕ್ಕೆ ಯಾಕೆ ಹಿಂಜರೀಬೇಕು? ಹೊರಗಿಂದ ಬಂದಿದ್ದನ್ನ ನಮ್ಮ ಕೈಯಲ್ಲಿ ಮಾಡಿ, ನಮ್ಮ ಮಾತಲ್ಲಿ ವಿವರಿಸಿದ್ರೆ ಅದೂ ಕನ್ನಡದ ಕೆಲಸನೇ.

ಗರಿಗರಿ ಅಂದ್ರೆ ನೀರಿನ ಲೆಕ್ಕ

ಈಗ ಮಾಡೋದು ಹೇಗೆ ಅಂತ ನೋಡೋಣ. ಮಾರಿಕಣಿವೆ ಕಡೆಯವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. 1907ರಲ್ಲಿ ಕಟ್ಟಿ ಮುಗಿದ ಡ್ಯಾಂ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ಬೀಳೋಕೆ 2022ರವರೆಗೆ ಕಾಯಬೇಕಾಯ್ತು. ಅಲ್ಲಿವರೆಗೆ ನಮ್ಮ ತಾತ, ಅಪ್ಪ ಎಲ್ಲ "ಇವತ್ತು ಎಷ್ಟು ಅಡಿ? ಒಳಹರಿವು ಎಷ್ಟು?" ಅಂತ ಕೇಳ್ಕೊಂಡೇ ದಿನ ದೂಡಿದವರು. ಒಳಹರಿವು, ಹೊರಹರಿವು ಲೆಕ್ಕ ನಮಗೆ ಪೇಪರ್ ಓದೋ ಅಭ್ಯಾಸದಿಂದಲೇ ಬಂದಿರುತ್ತೆ. ಲುಂಪಿಯಾದಲ್ಲೂ ಇರೋದು ಅದೇ ಲೆಕ್ಕ. ಡ್ಯಾಂನಲ್ಲಿ ನೀರು ನಿಲ್ಲಿಸಬೇಕು, ಇಲ್ಲಿ ನೀರು ಹೊರಗೆ ಕಳಿಸಬೇಕು, ವ್ಯತ್ಯಾಸ ಅಷ್ಟೇ.

ಎಲೆಕೋಸಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬರೀ ನೀರು. ಕ್ಯಾರೆಟ್, ಬೀನ್ಸ್, ಈರುಳ್ಳಿ ಕೂಡ ಸುಮಾರು ಹಂಗೇ. ಅಂದ್ರೆ ಕಾಲು ಕೆಜಿ ಎಲೆಕೋಸು ಹೆಚ್ಚಿದ್ರೆ ಕಾಲು ಲೀಟರಿಗೆ ಸ್ವಲ್ಪ ಕಮ್ಮಿ ನೀರನ್ನ ಹೆಚ್ಚಿದಂಗೆ. ಅಷ್ಟೂ ನೀರನ್ನ ತೆಳ್ಳನೆ ಮೈದಾ ಶೀಟ್ ಒಳಗೆ ಕಟ್ಟಿಟ್ಟು ಗರಿಗರಿ ಆಗಲಿ ಅಂದ್ರೆ ಹೆಂಗಾಗುತ್ತೆ?

ಒಂದು ಹದಿನೈದು ಲುಂಪಿಯಾಕ್ಕೆ ಕಾಲು ಕೆಜಿ ಎಲೆಕೋಸು, ಎರಡು ಕ್ಯಾರೆಟ್, ಒಂದು ಹಿಡಿ ಬೀನ್ಸ್, ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ ಸಾಕು. ಅಲ್ಲಿ ಮೊಳಕೆ ಬಂದ ಹೆಸರುಕಾಳನ್ನೂ ಹಾಕ್ತಾರೆ. ಅವರ ಮೊಳಕೆ ಉದ್ದ, ನಮ್ಮ ಕೋಸಂಬರಿಯ ಮೊಳಕೆಯೂ ನಡೆಯುತ್ತೆ. ಎಲ್ಲವನ್ನೂ ಬೆಂಕಿಕಡ್ಡಿಯಷ್ಟು ಸಣ್ಣಗೆ ಉದ್ದುದ್ದ ಹೆಚ್ಚಿ. ಎಲೆಕೋಸಿಗೆ ಅರ್ಧ ಚಮಚ ಉಪ್ಪು ಹಾಕಿ ಕಾಲು ಗಂಟೆ ಬಿಟ್ಟು, ಎರಡೂ ಕೈಲಿ ಹಿಂಡಿ. ಬಟ್ಟಲಲ್ಲಿ ಬೀಳೋ ನೀರು ನೋಡಿದ್ರೆ ಗೊತ್ತಾಗುತ್ತೆ. ಆಸ್ಮಾಸಿಸ್ ಪಾಠ ನೆನಪಿದ್ದೋರು ನೆನಪು ಮಾಡ್ಕೊಳ್ಳಿ.

ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಹಾಕಿ, ಬೆಳ್ಳುಳ್ಳಿ ಈರುಳ್ಳಿ ಬಾಡಿಸಿ, ಉಳಿದಿದ್ದೆಲ್ಲ ಹಾಕಿ ಜೋರು ಉರಿಯಲ್ಲಿ ನಾಲ್ಕೈದು ನಿಮಿಷ ಆಡಿಸಿ. ಮುಚ್ಚಳ ಮುಚ್ಚಬೇಡಿ. ಮುಚ್ಚಿದ್ರೆ ಹೋಗಬೇಕಾದ ಆವಿ ವಾಪಸ್ ಬೀಳುತ್ತೆ. ಒಂದು ಚಮಚ ಸೋಯಾ ಸಾಸ್, ಮೆಣಸಿನ ಪುಡಿ ಅಂದ್ರೆ ಕರಿಮೆಣಸಿನದು, ಬೇಕಾದಷ್ಟು ಉಪ್ಪು. ಆಮೇಲೆ ಪಲ್ಯವನ್ನ ತೂತಿನ ಪಾತ್ರೆಗೆ ಸುರಿದು, ಅಗಲಕ್ಕೆ ಹರಡಿ, ಪೂರ್ತಿ ಆರೋಕೆ ಬಿಡಿ. ಬಹಳ ಜನ ತಾಳ್ಮೆ ಕಳ್ಕೊಳ್ಳೋದು ಇಲ್ಲೇ. ಬಿಸಿ ಪಲ್ಯ ಸುತ್ತಿದ್ರೆ ಆವಿ ಶೀಟ್‌ಗೆ ತಗುಲಿ ನೀರಾಗುತ್ತೆ, ಶೀಟ್ ಒದ್ದೆಯಾಗಿ ಬಾಣಲೆಯಲ್ಲೇ ಹರೀತದೆ.

ಶೀಟ್, ಸುತ್ತು, ಎಣ್ಣೆ

ದೊಡ್ಡ ಊರಲ್ಲಿ ಫ್ರೀಜ್ ಮಾಡಿದ ಸ್ಪ್ರಿಂಗ್ ರೋಲ್ ಶೀಟ್ ಸಿಗುತ್ತೆ. ಹಳ್ಳಿಯಲ್ಲಿ ಸಿಗಲ್ಲ, ಸಿಗದಿದ್ರೆ ಚಿಂತೆನೂ ಇಲ್ಲ. ಒಂದು ಲೋಟ ಮೈದಾ, ಎರಡು ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಸುಮಾರು ಒಂದೂವರೆ ಲೋಟ ನೀರು. ಗಂಟಿಲ್ಲದಂಗೆ ಕಲಸಿ ಅರ್ಧ ಗಂಟೆ ಬಿಡಿ. ಹೋಳಿಗೆ ಕಣಕವನ್ನ ನೆನೆಯೋಕೆ ಬಿಡ್ತಾರಲ್ಲ, ಅದೇ ಕಾರಣಕ್ಕೆ. ಮೈದಾದ ಗ್ಲುಟನ್ ನೀರು ಕುಡಿದು ಸಡಿಲ ಆಗುತ್ತೆ, ಎಳೆದ್ರೂ ಹರಿಯಲ್ಲ. ಅಕ್ಕಿಯಲ್ಲಿ ಗ್ಲುಟನ್ ಇಲ್ಲ, ಹಾಗಾಗಿ ನೀರುದೋಸೆ ಎಷ್ಟೇ ತೆಳ್ಳಗಿದ್ರೂ ಬಿಗಿಯಾಗಿ ಸುತ್ತೋಕೆ ಹೋದ್ರೆ ಮುರಿಯುತ್ತೆ.

ನಾನ್‌ಸ್ಟಿಕ್ ತವಾ ಸಣ್ಣ ಉರಿಯಲ್ಲಿ ಬೆಚ್ಚಗಾದ ಮೇಲೆ, ಅಡುಗೆಗೆ ಅಂತ ಇರೋ ಬ್ರಷ್‌ನಿಂದ ಹಿಟ್ಟನ್ನ ಗೋಡೆಗೆ ಸುಣ್ಣ ಹೊಡೆದಂಗೆ ಹಚ್ಚಿ. ತೂತು ಕಂಡಲ್ಲಿ ಇನ್ನೊಂದು ಸಲ. ಅಂಚು ತಾನಾಗೇ ಎದ್ರೆ ಬಿಡಿಸಿ ತೆಗೀರಿ. ಮಗುಚಬೇಡಿ, ಕೆಂಪಗೆ ಮಾಡಬೇಡಿ. ಒಂದರ ಮೇಲೊಂದು ಇಡುವಾಗ ಮಧ್ಯೆ ಒಣ ಹಿಟ್ಟು ಉದುರಿಸಿ, ಮೇಲೆ ಬಟ್ಟೆ ಮುಚ್ಚಿ. ಇಲ್ಲದಿದ್ರೆ ಅಂಚು ಒಣಗಿ ಒಡೆಯುತ್ತೆ.

ಸುತ್ತೋದು ಪಾನ್ ಬೀಡಾ ಕಟ್ಟಿದಂಗಲ್ಲ, ಹಾಸಿಗೆ ಸುತ್ತಿದಂಗೆ. ಅಂಚಿನ ಹತ್ರ ಎರಡು ಚಮಚ ಪಲ್ಯ ಉದ್ದಕ್ಕೆ ಇಟ್ಟು, ಒಂದು ಸುತ್ತು ಬಿಗಿಯಾಗಿ ಸುತ್ತಿ, ಎರಡೂ ಬದಿ ಒಳಗೆ ಮಡಚಿ, ಉಳಿದಿದ್ದನ್ನ ಸುತ್ತಿ, ಕೊನೆಗೆ ಮೈದಾ ಅಂಟು ಹಚ್ಚಿ. ಆಸೆಪಟ್ಟು ಪಲ್ಯ ತುಂಬಬೇಡಿ. ಸಡಿಲ ಸುತ್ತಿದ್ರೆ ಒಳಗೆ ಗಾಳಿ ಉಳಿಯುತ್ತೆ. ಬಿಸಿಗೆ ಅದು ಉಬ್ಬಿ ಅಂಟು ಬಿಡಿಸುತ್ತೆ, ಆಮೇಲೆ ಎಣ್ಣೆ ಒಳಗೆ ಹೋಗುತ್ತೆ. ಬೆರಳಿನಷ್ಟು ಸಣ್ಣ ಇದ್ರೆ ಪಲ್ಯಕ್ಕಿಂತ ಶೀಟ್‌ನ ಪಾಲು ಜಾಸ್ತಿ, ಅಂದ್ರೆ ಗರಿಯೂ ಜಾಸ್ತಿ.

ಶೇಂಗಾ ಎಣ್ಣೆ ಒಳ್ಳೇದು. ಶಾಖ 170ರಿಂದ 180 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಲ್ವಾ? ಶೀಟ್‌ನ ಚೂರು ಹಾಕಿ ನೋಡಿ. ತಕ್ಷಣ ಗುಳ್ಳೆ ಎದ್ದು ಮೇಲೆ ಬಂದ್ರೆ ಸರಿ, ತಳದಲ್ಲೇ ಕೂತ್ರೆ ಇನ್ನೂ ಕಾಯಬೇಕು, ಹಾಕಿದ ಕೂಡಲೇ ಕಪ್ಪಾದ್ರೆ ಉರಿ ತಗ್ಗಿಸಬೇಕು. ಒಂದು ಸಲಕ್ಕೆ ನಾಲ್ಕೈದು ಸಾಕು. ಹತ್ತು ಹಾಕಿದ್ರೆ ಎಣ್ಣೆಯ ಶಾಖ ದಬಕ್ಕಂತ ಬೀಳುತ್ತೆ.

ಈಗ ಗುಳ್ಳೆ ನೋಡ್ತಾ ನಿಲ್ಲಿ. ಅದು ಎಣ್ಣೆ ಕುದೀತಿರೋದಲ್ಲ. ಶೀಟ್‌ನಲ್ಲಿರೋ ನೀರು ಆವಿಯಾಗಿ ಹೊರಗೆ ಬರ್ತಿರೋದು. ನಮ್ಮ ದುರ್ಗ ಸಮುದ್ರಮಟ್ಟಕ್ಕಿಂತ 700 ಮೀಟರ್ ಮೇಲಿದೆ, ಇಲ್ಲಿ ನೀರು 100ಕ್ಕಲ್ಲ, 97–98 ಡಿಗ್ರಿಗೇ ಕುದಿಯುತ್ತೆ. ಎಣ್ಣೆ ಅದಕ್ಕಿಂತ ಎಷ್ಟೋ ಬಿಸಿ ಇರೋದ್ರಿಂದ ನೀರು ಓಡಿಹೋಗುತ್ತೆ. ಆವಿ ಹೊರಗೆ ತಳ್ಳುತ್ತಾ ಇರೋವರೆಗೂ ಎಣ್ಣೆ ಒಳಗೆ ನುಗ್ಗೋದು ಕಷ್ಟ. ಗುಳ್ಳೆ ಕಮ್ಮಿಯಾಗಿ, ಚರಚರ ಸದ್ದು ಇಳಿದು, ಬಣ್ಣ ಹೊಂಬಣ್ಣಕ್ಕೆ ಬಂದ್ರೆ ತೆಗೆಯೋ ಹೊತ್ತು.

ತೆಗೆದ ಮೇಲೆ ಕೆಲಸ ಮುಗೀತು ಅಂದ್ಕೋಬೇಡಿ. ಕರಿದ ತಿಂಡಿ ಎಣ್ಣೆ ಹೀರೋದು ಜಾಸ್ತಿ ಆಗೋದು ಎಣ್ಣೆಯಿಂದ ಹೊರಗೆ ಬಂದು ಆರುವಾಗ. ಒಳಗಿನ ಆವಿ ತಣ್ಣಗಾಗಿ ಒತ್ತಡ ಕಮ್ಮಿಯಾದಾಗ ಮೇಲ್ಮೈ ಎಣ್ಣೆಯನ್ನ ಒಳಗೆ ಎಳ್ಕೊಳ್ಳುತ್ತೆ. ಹಾಗಾಗಿ ತೆಗೆದ ತಕ್ಷಣ ತೂತಿನ ಸೌಟಲ್ಲೇ ಜಾಡಿಸಿ, ಜರಡಿಯಲ್ಲಿ ನೆಟ್ಟಗೆ ನಿಲ್ಲಿಸಿ. ಡಬ್ಬಿಗೆ ಹಾಕಿ ಮುಚ್ಚಬೇಡಿ. ನೀರು ಹೋದ ಪಿಷ್ಟ ಗಾಜಿನ ಥರ ಪಟ್ ಅಂತ ಮುರಿಯುತ್ತೆ, ಸ್ವಲ್ಪ ತೇವ ಸಿಕ್ಕಿದ್ರೂ ರಬ್ಬರ್ ಥರ ಬಗ್ಗುತ್ತೆ. ಮೆಟೀರಿಯಲ್ ಸೈನ್ಸ್‌ನಲ್ಲಿ ಓದಿದ ಗ್ಲಾಸ್ ಟ್ರಾನ್ಸಿಷನ್ ಇದೇ. ಕ್ಲಾಸಲ್ಲಿ ಅರ್ಥ ಆಗದಿದ್ದೋರಿಗೆ ಜರಡಿ ಮುಂದೆ ಅರ್ಥ ಆಗುತ್ತೆ.

ನೆಂಚಿಕೊಳ್ಳೋಕೆ ಅಲ್ಲಿ ವಿನೆಗರ್ ಇಡ್ತಾರೆ, ಅದರಲ್ಲಿ ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಕರಿಮೆಣಸು. ಅಂಗಡಿಯ ವಿನೆಗರ್ ಜೋರಿರುತ್ತೆ, ಸ್ವಲ್ಪ ನೀರು, ಚೂರು ಬೆಲ್ಲ ಸೇರಿಸಿ. ಎಣ್ಣೆಯ ಜಿಡ್ಡನ್ನ ಹುಳಿ ಕತ್ತರಿಸುತ್ತೆ. ಟೊಮೇಟೊ ಸಾಸ್ ಹಾಕ್ಕೊಂಡ್ರೆ ಯಾರೂ ಬೈಯಲ್ಲ, ಆದರೆ ಒಂದು ಸಲ ಇದನ್ನ ನೋಡಿ.

"ಗಾಡಿಯಲ್ಲಿ ಸಿಗುತ್ತಲ್ಲ?"

ಸಿಗುತ್ತೆ. ಗಾಡಿಯವರ ಮೇಲೆ ನನಗೆ ಕೋಪ ಇಲ್ಲ, ತಿಂಗಳ ಕೊನೆಯಲ್ಲಿ ನಮ್ಮನ್ನ ಸಾಕೋರೇ ಅವರು. ಆದರೆ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧ ಮಾಡಬೇಕಾಗಿ ಬಂತು. ಪರೀಕ್ಷೆಯಲ್ಲಿ ಬಟ್ಟೆಗೆ ಹಾಕೋ ರೋಡಮೈನ್-ಬಿ ಥರದ ಬಣ್ಣವೂ ಸಿಕ್ಕಿತ್ತು. ಎಣ್ಣೆದೂ ಒಂದು ಕಥೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಹೆಚ್ತಾ ಹೋಗುತ್ತವೆ. ಅದು ನೂರಕ್ಕೆ 25 ದಾಟಿದ್ರೆ ಆ ಎಣ್ಣೆ ಬಳಸಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈಯಿಂದ ನಿಯಮ ತಂದಿದೆ. ಗಾಡಿ ಮುಂದೆ ನಿಂತು ಅದನ್ನ ಅಳೆಯೋಕೆ ನಮಗಾಗಲ್ಲ. ಮನೆಯ ಬಾಣಲೆಯ ಎಣ್ಣೆ ಎಷ್ಟು ಸಲ ಕಾದಿದೆ ಅಂತ ನಮಗೆ ಗೊತ್ತಿರುತ್ತೆ.

ಮನೆಯಲ್ಲಿ ಮಾಡಿದ್ರೂ ಕರಿದಿದ್ದು ಕರಿದಿದ್ದೇ, ದಿನಾ ತಿನ್ನೋದಲ್ಲ. ಅದೂ ನಿಜ. ಹಬ್ಬದಂಥ ತಿಂಡಿ, ಹಬ್ಬದಂಗೇ ಯಾವಾಗಲೋ ಒಮ್ಮೆ ಮಾಡಿ.

ಪಾತ್ರೆಯ ವಿಷಯ

ನಮ್ಮಣ್ಣ ಹೋದ ವರ್ಷ ದೀಪಾವಳಿ ರಜೆಯಲ್ಲಿ ಇದನ್ನ ಮಾಡೋಕೆ ನಿಂತಾಗ ಅಮ್ಮ, "ನೀನೇನ್ ಮಾಡ್ತೀಯೋ, ಸುಮ್ನೆ ಎಣ್ಣೆ ಹಾಳು" ಅಂದಳು. ಆಮೇಲೆ ಅವಳೇ ಕುರ್ಚಿ ಎಳ್ಕೊಂಡು ಕೂತು, "ಇದೇನೋ ಸುರುಳಿ ಹೋಳಿಗೆ ಇದ್ದಂಗೈತಲ್ಲ" ಅಂತ ನೋಡ್ತಾ ಇದ್ದಳು. ಅಡುಗೆಮನೆಯಲ್ಲಿ ಅಮ್ಮ ಕುರ್ಚಿ ಮೇಲೆ ಕೂತಿದ್ದನ್ನ ನಾನು ಅವತ್ತೇ ನೋಡಿದ್ದು. ನಾಲ್ಕು ಶೀಟ್ ಹರಿದವು, ಐದನೇದು ಬಂತು. ಲುಂಪಿಯಾ ಚೆನ್ನಾಗೇ ಆಗಿತ್ತು. ಆದರೆ ನನಗೆ ಇಷ್ಟ ಆಗಿದ್ದು ಆಮೇಲೆ ನಡೆದಿದ್ದು. ತಿಂದಾದ ಮೇಲೆ ಅವನೇ ಬಾಣಲೆಯ ಎಣ್ಣೆ ಸೋಸಿ ಎತ್ತಿಟ್ಟ, ಸಿಂಕ್‌ನಲ್ಲಿದ್ದಿದ್ದನ್ನೆಲ್ಲ ತೊಳೆದ, ಕಟ್ಟೆ ಒರೆಸಿದ.

ನನ್ನ ಮನವಿಯ ಮುಖ್ಯ ಷರತ್ತು ಇದೇ. ಹುಡುಗರು ಅಡುಗೆ ಮಾಡೋದೇ ಇಲ್ಲ ಅಂತಲ್ಲ. ವರ್ಷಕ್ಕೊಂದು ಸಲ ಬಿರಿಯಾನಿ ಮಾಡಿ, ಸ್ಟೇಟಸ್ ಹಾಕಿ, ಮನೆಯಲ್ಲಿರೋ ಪಾತ್ರೆಗಳನ್ನೆಲ್ಲ ಸಿಂಕ್‌ಗೆ ಗುಡ್ಡೆ ಹಾಕಿ ಹೋಗೋರು ಇದಾರೆ. "ಅಮ್ಮಾ, ಜೀರಿಗೆ ಎಲ್ಲಿ? ಅಮ್ಮಾ, ಉಪ್ಪು ನೋಡು, ತಂಗೀ, ಈರುಳ್ಳಿ ಹೆಚ್ಚಿಕೊಡು." ಕೊನೆಗೆ ಹೊಗಳಿಕೆ ಅವನಿಗೆ, ಜಿಡ್ಡು ಇವರಿಗೆ. ಅಂಥದ್ದರಿಂದ ಅಮ್ಮನ 289 ನಿಮಿಷ 350 ಆಗುತ್ತೆ ಹೊರತು ಕಮ್ಮಿ ಆಗಲ್ಲ. ಲೆಕ್ಕದಲ್ಲಿ ಔಟ್‌ಪುಟ್ ಮಾತ್ರ ತೋರಿಸಿ ವೇಸ್ಟ್ ಮುಚ್ಚಿಟ್ರೆ ಯಾವ ಪ್ರಾಜೆಕ್ಟ್ ಗೈಡೂ ಸಹಿ ಹಾಕಲ್ಲ. ತರಕಾರಿ ತರೋದು, ಹೆಚ್ಚೋದು, ಕರಿಯೋದು, ಬಡಿಸೋದು, ತೊಳೆಯೋದು ಎಲ್ಲ ಸೇರಿದ್ರೆ ಅಡುಗೆ.

ಹುಡುಗಿಯರೇ, ನಿಮಗೂ ಒಂದು ಮಾತು. ನಿಮ್ಮಣ್ಣನೋ ತಮ್ಮನೋ ಮಾಡ್ತಿರುವಾಗ "ಬಿಡು, ನಾನೇ ಬೇಗ ಮಾಡ್ತೀನಿ" ಅಂತ ಎದ್ದು ಹೋಗಬೇಡಿ. ಕೈ ತುರಿಸುತ್ತೆ, ಗೊತ್ತು. ಅವನು ಬೀನ್ಸನ್ನ ದಪ್ಪ ಹೆಚ್ಚಲಿ, ಶೀಟ್ ಹರಿಯಲಿ, ಒಂದು ಗಂಟೆಯ ಕೆಲಸ ಮೂರು ಗಂಟೆ ಹಿಡಿಯಲಿ. ನಾವು ಕಲಿತಿದ್ದೂ ಹಂಗೇ. ಬೇಕಿದ್ರೆ ಸುತ್ತೋಕೆ ಜೊತೆಗೆ ಕೂತ್ಕೊಳ್ಳಿ, ಅದು ಎಲ್ಲರೂ ಸೇರಿ ಮಾಡೋ ಭಾಗ.

ಇನ್ನು ಲುಂಪಿಯಾ ಮಾಡಿದ ಮಾತ್ರಕ್ಕೆ 201 ನಿಮಿಷದ ಅಂತರ ಮುಚ್ಚಿಹೋಗುತ್ತೆ ಅಂತ ನಾನೂ ನಂಬಿಲ್ಲ. ಆ ನಿಮಿಷಗಳು ಇರೋದು ಬೆಳಗಿನ ಉಪ್ಪಿಟ್ಟಲ್ಲಿ, ಮಧ್ಯಾಹ್ನದ ಮುದ್ದೆ ಸಾರಲ್ಲಿ, ರಾತ್ರಿಯ ಪಾತ್ರೆಯಲ್ಲಿ. ಯಾರೂ ಫೋಟೋ ತೆಗೆಯದ ಅಡುಗೆಗಳಲ್ಲಿ. ಲುಂಪಿಯಾ ಬರೀ ಲ್ಯಾಬ್, ಅಲ್ಲಿ ಚಾಕು ಹಿಡಿಯೋದು, ಉರಿ ನೋಡೋದು, ಎಣ್ಣೆಗೆ ಹೆದರದೆ ನಿಲ್ಲೋದು, ಕಟ್ಟೆ ಒರೆಸೋದು ಕಲೀತೀರಿ. ಅದು ಬಂದ ಮೇಲೆ ಸಾರು ಕಷ್ಟ ಅಲ್ಲ. ಅಮ್ಮನೂ ಒಂದು ಸಲ ನಿಮ್ಮ ಕೈಕೆಲಸ ನೋಡಿದ್ಮೇಲೆ ಮುದ್ದೆ ಕೋಲನ್ನ ಅಷ್ಟು ಬೇಗ ಕಿತ್ಕೊಳ್ಳಲ್ಲ.

ಹಾಗಾಗಿ ಈ ರಜೆಯ ಪ್ಲಾನ್ ಹಿಂಗಿಟ್ಕೊಳ್ಳಿ. ಮೊದಲ ಭಾನುವಾರ ಲುಂಪಿಯಾ. ಸೋಮವಾರ ಬೆಳಗ್ಗೆ, ಯಾರೂ ಕೇಳದೆ, ಯಾರಿಗೂ ಹೇಳದೆ, ಎಲ್ಲರಿಗಿಂತ ಮುಂಚೆ ಎದ್ದು ಉಪ್ಪಿಟ್ಟಿಗೆ ರವೆ ಹುರಿಯೋಕೆ ಇಡಿ. ಸ್ಟೇಟಸ್ ಬೇಡ. ಆಮೇಲೆ ಪಾತ್ರೆ ತೊಳೀರಿ.